ಅಧಿವೇಶನ ಮುಗಿದ ಮೇಲಿನ ಭಾನುವಾರಗಳು

ವಿಧಾನಮಂಡಲದ ಅಧಿವೇಶನ ಮುಗಿದ ಮೇಲೆ ಬರುವ ಭಾನುವಾರಗಳಲ್ಲಿ ನಮ್ಮ ಮೇಷ್ಟ್ರು ಊರೂರಿಗೆ ಹೋಗಿ ಪಾಠ ಒಪ್ಪಿಸುತ್ತಿದ್ದರು. ಸದನದಲ್ಲಿ ನಡೆದದ್ದನ್ನು ಜನರಿಗೆ ಹೇಳುವುದಕ್ಕೆ ಹಾಗೆಂದು ಹೆಸರಿಟ್ಟವರೂ ಅವರೇ. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ, ನಿವೃತ್ತರಾದ ಮೇಲೆ ಪಂಚಾಯಿತಿ ಸದಸ್ಯರ ಮತದಿಂದ ಮೇಲ್ಮನೆಗೆ ಹೋದವರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನ ಶಾಲೆಗಳಲ್ಲಿ ಒಂದಲ್ಲ ಒಂದು ಕಾಲಕ್ಕೆ ಕೆಲಸ ಮಾಡಿದ್ದರು. ಹಾಗಾಗಿ ಎಲ್ಲಿ ಕಾರು ನಿಂತರೂ ಯಾರೋ ಒಬ್ಬ ಬೋಳುತಲೆಯವನು ಬಂದು, ನಿಮ್ಮ ಕೈಲಿ ಏಟು ತಿಂದಿದ್ದೆ ಸಾ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಅಷ್ಟು ವರ್ಷ ನೀವು ನನಗೆ ಪಾಠ ಒಪ್ಪಿಸಿದ್ದೀರಿ, ಈಗ ನಾನು ಒಪ್ಪಿಸುತ್ತೇನೆ, ತಪ್ಪಿದರೆ ನಿಲ್ಲಿಸಿ ಕೇಳಿ ಅನ್ನುವುದು ಅವರ ಮೊದಲ ಮಾತು.

ಅವರ ಆರು ವರ್ಷದ ಅವಧಿಯುದ್ದಕ್ಕೂ ನಾನು ಅವರ ಕಚೇರಿಯಲ್ಲಿದ್ದೆ. ಈಗ ಪಾಂಡವಪುರದ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ಮನೆ, ಮಕ್ಕಳು, ಕಕ್ಷಿದಾರರು ಅಂತ ದಿನ ಹೋಗುವುದೇ ತಿಳಿಯುವುದಿಲ್ಲ. ಆದರೂ ನನ್ನ ಬದುಕಿನ ಒಳ್ಳೆಯ ಕಾಲ ಯಾವುದು ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಭಾನುವಾರಗಳೇ.

ನಾನು ಆ ಕೆಲಸಕ್ಕೆ ಸೇರಿದ ಬಗೆಯೇ ಬೇರೆ. ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಪಕ್ಕದ ಹಳ್ಳಿಯವಳು ನಾನು. ಮೈಸೂರಿನಲ್ಲಿ ಲಾ ಓದಿ ಬಂದು, ಕೆ.ಆರ್. ಪೇಟೆಯಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೂತಿದ್ದೆ. ಕೂತಿದ್ದೆ ಅನ್ನುವುದೇ ಸರಿ, ಮಾಡಲು ಹೆಚ್ಚಿನ ಕೆಲಸವೇನೂ ಇರಲಿಲ್ಲ. ಮೇಷ್ಟ್ರು ಎಂಎಲ್‌ಸಿ ಆದ ಹೊಸತರಲ್ಲಿ ಒಂದು ದಿನ ಕೋರ್ಟಿನ ಹತ್ತಿರ ಸಿಕ್ಕರು. ಹೈಸ್ಕೂಲಿನಲ್ಲಿ ನನಗೆ ಪಾಠ ಮಾಡಿದವರು, ಕಂಡ ಕೂಡಲೇ ಗುರುತು ಹಿಡಿದರು. ಮಸೂದೆ ಓದಿ ಹಳ್ಳಿಯವರಿಗೆ ತಿಳಿಯುವ ಹಾಗೆ ಹೇಳುವವರು ಒಬ್ಬರು ಬೇಕಾಗಿದ್ದಾರೆ, ಮನೆಗೆ ಬಾ ಅಂದರು.

ಹೋದೆ. ಅವರ ಹೆಂಡತಿ ಹಜಾರದಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದರು. ಮೇಷ್ಟ್ರು ನನ್ನ ಕೈಗೆ ಪಂಚಾಯಿತಿಗೆ ಸಂಬಂಧಪಟ್ಟ ಒಂದು ತಿದ್ದುಪಡಿ ಮಸೂದೆ ಕೊಟ್ಟು, ಇದನ್ನು ಓದಿಕೊಂಡು ನಮ್ಮ ಮನೆಯವರಿಗೆ ಹೇಳು, ಅವರಿಗೆ ತಿಳಿದರೆ ಕೆಲಸ ನಿನ್ನದು ಅಂದು ಹಿತ್ತಲಿಗೆ ಹೊರಟುಹೋದರು. ನಾನು ಓದಿ, ನಾಲ್ಕು ಮಾತು ಹೇಳುವಷ್ಟರಲ್ಲಿ ಆಯಮ್ಮ ಕೈ ನಿಲ್ಲಿಸದೆಯೇ, ಅಂದ್ರೆ ಅಂದರು. ಬಿಡಿಸಿ ಹೇಳಿದೆ. ಮತ್ತೆ, ಅಂದ್ರೆ ಅಂದರು. ಕಲಂ, ಉಪಕಲಂ, ಸಕ್ಷಮ ಪ್ರಾಧಿಕಾರ ಇವೆಲ್ಲ ಒಂದೊಂದಾಗಿ ಉದುರಿಹೋದವು. ಕೊನೆಗೆ ಮಿಕ್ಕಿದ್ದು, ಮನೆ ಕಂದಾಯದಲ್ಲಿ ತಪ್ಪು ನಡೆದರೆ ಮೊದಲು ಯಾರನ್ನು ಕೇಳಬೇಕು, ಅವರು ಸರಿಮಾಡದಿದ್ದರೆ ಆಮೇಲೆ ಯಾರ ಹತ್ತಿರ ಹೋಗಬೇಕು ಅನ್ನುವ ಎರಡೇ ಮಾತು. ಆಗ ಆಯಮ್ಮ, ‘ಇದ್ನ ಮೊದ್ಲೇ ಯೋಳ್ಬುಟ್ಟಿದ್ರೆ ಆಗ್ತಿತ್ತಲ್ಲವ್ವಾ’ ಅಂದರು. ಅವತ್ತು ಅಲ್ಲೇ ಹಿತುಕಿದ ಬೇಳೆ ಸಾರು, ಮುದ್ದೆ ಉಂಡೆ. ಮರುದಿನದಿಂದ ಕೆಲಸಕ್ಕೆ ಹೋದೆ.

ಭಾನುವಾರಗಳಿಗೆ ಒಂದು ಕ್ರಮವಿತ್ತು. ಮೊದಲನೆಯದು ಶ್ರೀರಂಗಪಟ್ಟಣದ್ದು. ಗಂಜಾಂನಲ್ಲಿ ಹೊಳೆ ಕಡೆಗೆ ಹೋಗುವ ದಾರಿಯ ಒಂದು ಕಲ್ಲುಮಂಟಪದಲ್ಲಿ ಕೂರುತ್ತಿದ್ದೆವು. ನಿಮಿಷಾಂಬನ ಗುಡಿಗೆ ಬಂದವರು, ಮಿಂದು ಒದ್ದೆಕೂದಲಲ್ಲಿ ಹೋಗುತ್ತಿದ್ದವರು, ಇದೇನು ಅಂತ ನಿಂತು ಕೇಳಿ ಮುಂದೆ ಹೋಗುತ್ತಿದ್ದರು. ಸ್ನಾನಘಟ್ಟದಲ್ಲಿ ಹೆಂಗಸರಿಗೆ ಬಟ್ಟೆ ಬದಲಿಸಲು ಮರೆ ಇಲ್ಲ ಅನ್ನುವುದು ಅಲ್ಲಿನ ದೂರು. ಊರವರಿಗಿಂತ ಪರವೂರಿನವರೇ ಹೆಚ್ಚು ಜೋರಾಗಿ ಕೇಳುತ್ತಿದ್ದರು. ಇವರ್ಯಾರೂ ನಿಮ್ಮ ಓಟುದಾರರಲ್ಲ ಸರ್ ಅಂತ ನಾನು ಒಮ್ಮೆ ಅಂದಾಗ ಮೇಷ್ಟ್ರು, ಬಟ್ಟೆ ಒದ್ದೆಯಾಗಿದೆಯಲ್ಲ, ಅದು ಸಾಕು ಅಂದಿದ್ದರು.

ಎರಡನೆಯದು ಪಾಂಡವಪುರ, ಮೂರನೆಯದು ಶೀಳನೆರೆಯ ಸಂತೆಮಾಳ. ಕೊನೆಯದು ನಾಗಮಂಗಲ ತಾಲ್ಲೂಕಿನದು, ಬೆಳ್ಳೂರು ಕ್ರಾಸಿನಲ್ಲಿ. ಅಲ್ಲಿ ಒಂದು ಹೋಟೆಲಿನ ಹಿಂದಿನ ಜಾಗ ನಮ್ಮದು. ಹೆದ್ದಾರಿಯ ಬಸ್ಸುಗಳ ಹಾರನ್ನಿನ ನಡುವೆ ಮಾತು ನಿಲ್ಲಿಸಿ, ಬಸ್ಸು ಹೋದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುವುದು ಮೇಷ್ಟ್ರಿಗೆ ಅಭ್ಯಾಸವಾಗಿಹೋಗಿತ್ತು. ಮಸೂದೆಯ ಅರ್ಧ ಮಾತಿಗೆ ಹಾಸನದ ಬಸ್ಸು, ಮಿಕ್ಕ ಅರ್ಧಕ್ಕೆ ಬೆಂಗಳೂರಿನ ಬಸ್ಸು. ಕೇಳುವವರು ಕೈಯಲ್ಲಿ ಟೀ ಲೋಟ ಹಿಡಿದು ನಿಂತಿರುತ್ತಿದ್ದರು. ಕೆಲವರು ಬಸ್ಸು ಬಂತು ಅಂತ ಪ್ರಶ್ನೆಯ ಮಧ್ಯದಲ್ಲೇ ಓಡುತ್ತಿದ್ದರು. ಉತ್ತರವನ್ನು ಪಕ್ಕದವರು ಕೇಳಿಸಿಕೊಂಡು, ಇಂಥವರಿಗೆ ಹೇಳ್ತೀನಿ ಬುಡಿ ಅನ್ನುತ್ತಿದ್ದರು.

ಮೇಷ್ಟ್ರು ತಾವು ಕೇಳಿದ ಪ್ರಶ್ನೆ, ಅದಕ್ಕೆ ಮಂತ್ರಿಗಳು ಕೊಟ್ಟ ಉತ್ತರ ಇವನ್ನು ಹೇಳಿದ ಮೇಲೆ ನನ್ನ ಕಡೆ ನೋಡುತ್ತಿದ್ದರು. ಯಾವ ಮಸೂದೆ ಪಾಸಾಯಿತು, ಯಾವುದು ಸಮಿತಿಗೆ ಹೋಯಿತು, ಯಾವುದು ಇನ್ನೂ ಹಾಗೇ ಕೂತಿದೆ ಅನ್ನುವುದು ನನ್ನ ಪಾಲಿನ ಪಾಠ. ಮೊದಲ ಸಲ ಶೀಳನೆರೆಯಲ್ಲಿ ಎದ್ದು ನಿಂತಾಗ ಹಿಂದಿನ ಸಾಲಿನಲ್ಲಿ ಟವೆಲು ಹಾಸಿಕೊಂಡು ಕೂತಿದ್ದ ಅಪ್ಪ ಕಂಡರು. ಬರುತ್ತೇನೆಂದು ಅವರು ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ. ಹೇಗೋ ಹೇಳಿ ಮುಗಿಸಿದೆ. ಪ್ರಶ್ನೆ ಕೇಳುವವರು ಕೇಳಬಹುದು ಅಂದಾಗ ಎದ್ದು ನಿಂತವರು ಅಪ್ಪನೇ.

‘ಮೇಡಮ್ಮೋರೆ, ನಮ್ ದನಿನಾಸ್ಪತ್ರೆಗೆ ಡಾಕ್ಟ್ರು ಬರದು ಯಾವಾಗ?’

ಊರಿನ ಅರ್ಧ ಜನಕ್ಕೆ ನಾವು ಅಪ್ಪ ಮಗಳೆಂದು ಗೊತ್ತು, ಎಲ್ಲರೂ ನಗುವುದಕ್ಕೆ ಶುರುಮಾಡಿದರು. ಅಪ್ಪ ಮಾತ್ರ ನಗಲಿಲ್ಲ. ಉತ್ತರ ಬರುವವರೆಗೂ ನಿಂತೇ ಇದ್ದರು. ನಮ್ಮ ಮನೆಯ ಹಸು ಕರು ಹಾಕಲಾರದೆ ಸತ್ತ ವರ್ಷ ಅದು. ಡಾಕ್ಟರು ಬೇರೆ ಹೋಬಳಿಯಿಂದ ಬರಬೇಕಾಗಿತ್ತು, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೇಷ್ಟ್ರು ಅದನ್ನು ಮುಂದಿನ ಅಧಿವೇಶನದಲ್ಲಿ ಕೇಳಿದರು, ಅದರ ಮುಂದಿನದರಲ್ಲೂ ಕೇಳಿದರು. ಕೊನೆಗೆ ಡಾಕ್ಟರು ಬಂದರು. ಅವರು ಬಂದ ದಿನ ಅಪ್ಪ ನನಗೆ ಫೋನು ಮಾಡಿ, ಬಂದವ್ರೆ ಕಣ್ಮಗ ಅಂತಷ್ಟೇ ಹೇಳಿ ಇಟ್ಟರು. ಆದರೆ ಊರಿನಲ್ಲೆಲ್ಲ ಆ ಡಾಕ್ಟರನ್ನು ತಮ್ಮ ಮಗಳೇ ಕಳಿಸಿದ್ದು ಅಂತ ಹೇಳಿಕೊಂಡು ತಿರುಗಿದರಂತೆ. ಅವ್ವ ಅದನ್ನು ಬಹಳ ದಿನ ಆಡಿಕೊಂಡು ನಗುತ್ತಿದ್ದಳು.

ಪಾಂಡವಪುರದ ಸಭೆ ಪಟ್ಟಣದಲ್ಲಿ ನಡೆಯುತ್ತಿರಲಿಲ್ಲ. ಸ್ವಲ್ಪ ದೂರದಲ್ಲಿ, ನಾಲೆ ಏರಿಯ ಪಕ್ಕದ ಒಂದು ಹಳ್ಳಿಯ ಮಹಿಳಾ ಡೈರಿಯ ಮುಂದೆ, ಹೊಂಗೆಮರದ ಕೆಳಗೆ ನಡೆಯುತ್ತಿತ್ತು. ಡೈರಿಯ ಕಾರ್ಯದರ್ಶಿಯಾಗಿದ್ದ ಹೆಂಗಸನ್ನು ಎಲ್ಲರೂ ಡೈರಿ ಅಕ್ಕ ಅನ್ನುತ್ತಿದ್ದರು. ಐವತ್ತು ದಾಟಿದ, ಎತ್ತರದ, ಗಟ್ಟಿ ದನಿಯ ಹೆಂಗಸು. ಆಕೆಯ ತಂಗಿ ಮದುವೆಯೊಂದರಿಂದ ಬರುವಾಗ ಟೆಂಪೊ ಉರುಳಿ ಅದೇ ನಾಲೆಯ ಪಾಲಾಗಿದ್ದಳು. ನಾಲೆಯ ಪಕ್ಕದ ರಸ್ತೆಗೆ ತಡೆಗೋಡೆ ಅನ್ನುವುದು ಇರಲೇ ಇಲ್ಲ. ನೀರು ತುಂಬಿದ ಕಾಲದಲ್ಲಿ ಎದುರಿನಿಂದ ಕಬ್ಬಿನ ಟ್ರಾಕ್ಟರು ಬಂದರೆ ಬಸ್ಸಿನಲ್ಲಿ ಕೂತವರೆಲ್ಲ ದೇವರ ಹೆಸರು ಹೇಳುವ ಹಾಗಿತ್ತು. ಹಾಗಾಗಿ ಆ ಊರಿನ ಪ್ರಶ್ನೆ ಪ್ರತಿಸಲವೂ ಒಂದೇ, ತಡೆಗೋಡೆ ಏನಾಯಿತು ಅನ್ನುವುದು. ಮೇಷ್ಟ್ರ ಉತ್ತರವೂ ಒಂದೇ, ಪ್ರಸ್ತಾವನೆ ಸರ್ಕಾರದ ಪರಿಶೀಲನೆಯಲ್ಲಿದೆ.

ಎರಡನೆಯ ವರ್ಷವಿರಬೇಕು. ಮೇಷ್ಟ್ರು ಆ ಮಾತು ಹೇಳಿ ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ ಡೈರಿ ಅಕ್ಕ ಎದ್ದು ನಿಂತರು.

‘ಮೇಷ್ಟ್ರೇ, ಓದ್ಸಲ್ವೂ ಪರಿಶೀಲ್ನೆ, ಈ ಸಲ್ವೂ ಪರಿಶೀಲ್ನೆ. ನಾವು ಸಂಜೆ ಎಪ್ಪಾಕಿದ್ ಮೊಸ್ರು ಬೆಳಗ್ಗೆಗೆ ಆಗ್ಬುಡ್ತದೆ. ಅವ್ರು ಅದ್ಯಾವ್ ಆಲ್ಗೆ ಎಪ್ಪಾಕವ್ರೆ?’

ಜನ ಹೋ ಅಂತ ನಕ್ಕರು. ಮೇಷ್ಟ್ರು ನಗಲಿಲ್ಲ. ಸಭೆ ಮುಗಿಸಿ ಕಾರು ಹತ್ತಿದೆವು. ಪಟ್ಟಣ ದಾಟಿದ ಮೇಲೆ, ಇನ್ನು ಮುಂದೆ ಪರಿಶೀಲನೆ ಅನ್ನುವ ಪದ ನನಗೆ ಬರೆದುಕೊಡಬೇಡ ಅಂದರು. ಮತ್ತೇನು ಬರೆಯಲಿ ಅಂತ ಕೇಳಿದೆ. ಆಗಿದ್ದರೆ ಆಗಿದೆ ಅಂತ ಬರಿ, ಆಗದಿದ್ದರೆ ಆಗಿಲ್ಲ ಅಂತ ಬರಿ, ಕನ್ನಡದಲ್ಲಿ ಇದಕ್ಕೆ ಬೇಕಾಗಿರುವುದು ಇಷ್ಟೇ ಅಂದರು.

ಮುಂದಿನ ಅಧಿವೇಶನದ ನಂತರ ಪಾಠದ ರೀತಿಯೇ ಬದಲಾಯಿತು. ಘಟ್ಟದಲ್ಲಿ ಹೆಂಗಸರಿಗೆ ಮರೆ ಕಟ್ಟಿದ್ದು ಆಗಿದೆ. ಕ್ರಾಸಿನಲ್ಲಿ ರಸ್ತೆ ದಾಟುವ ಸೇತುವೆ ಆಗಿಲ್ಲ. ತಡೆಗೋಡೆ ಆಗಿಲ್ಲ. ಆಗಿಲ್ಲ ಅನ್ನುವುದನ್ನು ಅವರು ತಲೆ ತಗ್ಗಿಸದೆ, ಆದರೆ ದನಿ ಸ್ವಲ್ಪ ಇಳಿಸಿ ಹೇಳುತ್ತಿದ್ದರು. ಅವರ ಜೊತೆಯ ಪಕ್ಷದವರಿಗೆ ಇದು ಹಿಡಿಸಲಿಲ್ಲ. ನಮ್ಮ ಬಾಯಲ್ಲೇ ನಮ್ಮ ಮಾನ ತೆಗೆಯುತ್ತೀರಲ್ಲ ಅಂತ ಮನೆಗೇ ಬಂದು ಹೇಳಿ ಹೋದರು. ಜನ ಮಾತ್ರ ಮೊದಲಿಗಿಂತ ಹೆಚ್ಚು ಬರತೊಡಗಿದರು. ಆಗದ ಸುದ್ದಿ ಕೇಳಲು ಜನ ಬರುತ್ತಾರೆಂದು ನಾನು ಎಣಿಸಿರಲಿಲ್ಲ.

ಆ ವರ್ಷವೇ ಮೇಷ್ಟ್ರು ಖಾಸಗಿ ಮಸೂದೆ ತರಬೇಕೆಂದು ತೀರ್ಮಾನಿಸಿದರು. ಮಂತ್ರಿಯಲ್ಲದ ಸದಸ್ಯರೂ ಒಂದು ಕಾನೂನಿನ ಕರಡು ಬರೆದು ಸದನದ ಮುಂದೆ ಇಡಬಹುದು. ಅಂಥವು ಪಾಸಾಗುವುದು ಬಹಳ ಅಪರೂಪ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಲೆಯ ಪಕ್ಕದಲ್ಲಿ ವಾಹನ ಓಡುವ ಯಾವ ರಸ್ತೆಯೂ ತಡೆಗೋಡೆಯಿಲ್ಲದೆ ಇರಕೂಡದು, ಇದ್ದರೆ ಅದಕ್ಕೆ ಯಾರು ಹೊಣೆ ಅನ್ನುವುದು ಸ್ಪಷ್ಟವಾಗಿರಬೇಕು, ಇಷ್ಟೇ ಮಸೂದೆಯ ತಿರುಳು.

ಕರಡು ಬರೆಯುವ ಮುಂಚೆ ಕಣ್ಣಾರೆ ನೋಡೋಣ ಅಂತ ಒಂದು ಬೆಳಿಗ್ಗೆ ಹಾಲು ಅಳೆಯುವ ಹೊತ್ತು ಮುಗಿದ ಮೇಲೆ ನಾಲೆ ಏರಿಯ ಮೇಲೆ ನಡೆದೆವು. ಮುಂದೆ ಡೈರಿ ಅಕ್ಕ, ಹಿಂದೆ ಮೇಷ್ಟ್ರು, ನಾನು. ನೀರು ಏರಿಯ ಮಟ್ಟಕ್ಕೆ ತುಂಬಿ, ಸದ್ದೇ ಇಲ್ಲದೆ ಹರಿಯುತ್ತಿತ್ತು. ಆಚೆ ದಡದ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಡೈರಿ ಅಕ್ಕ ಒಂದೊಂದು ತಿರುವನ್ನೂ ತೋರಿಸುತ್ತಾ ಹೋದರು. ಒಂದು ತಿರುವಿಗೆ ಬಂದಾಗ ಏನೂ ಹೇಳದೆ ದಾಟಿಬಿಟ್ಟರು. ನಾವೂ ಕೇಳಲಿಲ್ಲ. ಮೇಷ್ಟ್ರು ಅಲ್ಲಿ ಒಂದು ಗಳಿಗೆ ನಿಂತು, ಚಪ್ಪಲಿ ಬಿಟ್ಟು, ಮತ್ತೆ ಮೆಟ್ಟಿಕೊಂಡು ಬಂದರು.

ಕರಡನ್ನು ಡೈರಿಯ ಮುಂದೆ ಓದಿದಾಗ ಹೆಂಗಸರಿಂದಲೇ ತಕರಾರು ಬಂತು. ಉದ್ದಕ್ಕೂ ಗೋಡೆ ಎಬ್ಬಿಸಿದರೆ ನಾವು ಬಟ್ಟೆ ಒಗೆಯುವುದು ಎಲ್ಲಿ, ಎಮ್ಮೆ ಮೈ ತೊಳೆಯುವುದು ಎಲ್ಲಿ ಅಂತ. ಮನೆಗೆ ಬಂದು ಒಂದು ಕಲಂ ಸೇರಿಸಿದೆವು. ಊರಿರುವ ಕಡೆ ನೀರಿಗೆ ಇಳಿಯಲು ಮೆಟ್ಟಿಲು ಇರಬೇಕು, ಅಷ್ಟಗಲಕ್ಕೆ ಗೋಡೆ ಬಿಡಬೇಕು, ಆ ಬಿಟ್ಟ ಜಾಗಕ್ಕೆ ವಾಹನ ನುಗ್ಗದಂತೆ ಕಲ್ಲು ನೆಡಬೇಕು. ಇಂಗ್ಲಿಷಿನಲ್ಲಿ ಆ ಕಲಂ ಬರೆಯಲು ನನಗೆ ಬಹಳ ಕಷ್ಟವಾಯಿತು. ಎಮ್ಮೆ ಅನ್ನುವ ಪದ ಮಸೂದೆಯಲ್ಲಿ ಇರಲೇಬೇಕೆಂದು ಮೇಷ್ಟ್ರು ಹಟ ಹಿಡಿದರು. ಕೊನೆಗೆ ಸಚಿವಾಲಯದವರು ಅದನ್ನು ಜಾನುವಾರು ಅಂತ ತಿದ್ದಿ ಕಳಿಸಿದರು. ಮೇಷ್ಟ್ರು ಎರಡು ದಿನ ಬೇಜಾರಿನಲ್ಲಿದ್ದರು.

ಮಸೂದೆ ಮಂಡನೆಯಾದದ್ದು ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ. ನಾನು ಮೇಲೆ ಗ್ಯಾಲರಿಯಲ್ಲಿ ಕೂತಿದ್ದೆ. ಮಧ್ಯಾಹ್ನದ ಊಟ ಮುಗಿದ ಹೊತ್ತು, ಕೆಳಗೆ ಕುರ್ಚಿಗಳು ಹೆಚ್ಚುಕಡಿಮೆ ಖಾಲಿ. ಮೇಷ್ಟ್ರು ಹೆಂಡತಿ ಹೆಣೆದುಕೊಟ್ಟ ಕಂದು ಸ್ವೆಟರಿನ ಮೇಲೆ ಬಿಳಿ ಶಲ್ಯ ಹೊದ್ದು ಎದ್ದು ನಿಂತರು. ಮಂಡಿಸಲು ಅನುಮತಿ ಕೋರುತ್ತೇನೆ ಅಂದರು. ಅನುಮತಿ ಸಿಕ್ಕಿತು. ಮಂಡಿಸಿದ್ದೇನೆ ಅಂದರು. ಮುಗಿಯಿತು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಕೂರುವ ಮುಂಚೆ ಅವರು ಗ್ಯಾಲರಿಯ ಕಡೆ ತಲೆಯೆತ್ತಿ ನನ್ನನ್ನು ಹುಡುಕಿದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ತೆಗೆದುಕೊಂಡ ಮಕ್ಕಳು ಅವ್ವ ಎಲ್ಲಿ ಕೂತಿದ್ದಾಳೆಂದು ನೋಡುತ್ತಾರಲ್ಲ, ಹಾಗೆ ನೋಡಿದರು. ನನಗೆ ಕಣ್ಣು ತುಂಬಿ ಬಂತು.

ಅದಾದ ಮೇಲೆ ಅದರ ಮೇಲೆ ಚರ್ಚೆ ನಡೆಯಬೇಕಿತ್ತು. ಖಾಸಗಿ ಮಸೂದೆಗಳಿಗೆಂದು ಇಟ್ಟ ದಿನವೇ ಯಾವುದಾದರೂ ಗದ್ದಲವಾಗುತ್ತಿತ್ತು, ಸದನ ಮುಂದಕ್ಕೆ ಹೋಗುತ್ತಿತ್ತು. ಇನ್ನೊಮ್ಮೆ ದಿನವನ್ನೇ ಕಡಿತ ಮಾಡಿದರು. ಒಂದು ಸಲವಂತೂ ಮೇಷ್ಟ್ರ ಸರದಿ ಬಂದೇ ಬಂತು ಅನ್ನುವಾಗ ಹಿರಿಯ ಸದಸ್ಯರೊಬ್ಬರು ತೀರಿಕೊಂಡ ಸುದ್ದಿ ಬಂದು, ಸಂತಾಪ ಸೂಚಿಸಿ ಸದನ ಎದ್ದುಹೋಯಿತು. ತೀರಿಕೊಂಡವರ ಮೇಲೆ ಯಾರಾದರೂ ಸಿಟ್ಟು ಮಾಡಿಕೊಳ್ಳಲು ಸಾಧ್ಯವೇ ಅಂತ ಮೇಷ್ಟ್ರು ಕಾರಿನಲ್ಲಿ ಕೇಳಿ, ತಾವೇ ನಕ್ಕರು. ಪ್ರತಿ ಅಧಿವೇಶನದ ನಂತರವೂ ಹೊಂಗೆಮರದ ಕೆಳಗೆ ನಿಂತು, ಆಗಿಲ್ಲ ಅಂದರು. ಡೈರಿ ಅಕ್ಕ ತಲೆ ಆಡಿಸಿ ಕೂತುಕೊಳ್ಳುತ್ತಿದ್ದರು. ಅವರಿಬ್ಬರ ನಡುವೆ ಅದು ಒಂದು ಒಪ್ಪಂದದ ಹಾಗೆ ಆಗಿಬಿಟ್ಟಿತ್ತು.

ಅವಧಿ ಮುಗಿಯುತ್ತಾ ಬಂತು. ಪಕ್ಷದವರು ಮೇಷ್ಟ್ರಿಗೆ ಮತ್ತೆ ಟಿಕೆಟ್ ಕೊಡಲಿಲ್ಲ. ಅದರ ಬಗ್ಗೆ ಅವರು ಹೆಚ್ಚು ಮಾತಾಡಲೂ ಇಲ್ಲ. ಕೊರಗಿದ್ದು ಮಸೂದೆಯ ವಿಷಯಕ್ಕೆ. ಮಂಡಿಸಿದ ಸದಸ್ಯ ಸದನದಲ್ಲಿ ಇಲ್ಲವೆಂದಾದ ಮೇಲೆ ಅವನ ಖಾಸಗಿ ಮಸೂದೆಯೂ ತಾನಾಗಿ ಬಿದ್ದುಹೋಗುತ್ತದೆ. ಕೊನೆಯ ಅಧಿವೇಶನ ಮುಗಿಸಿ ಬಂದವರೇ, ಈ ಸಲದ ಪಾಠವನ್ನೂ ಒಪ್ಪಿಸಬೇಕು ಅಂದರು. ಹೆಂಡತಿ ಬೇಡವೆಂದರು. ಅಧಿಕಾರ ಇಲ್ಲದವರ ಮಾತು ಕೇಳಲು ಯಾರು ಬರುತ್ತಾರೆ ಅನ್ನುವುದು ಅವರ ಸಂಕಟ. ಮೇಷ್ಟ್ರು ಕೇಳಲಿಲ್ಲ. ಆದರೆ ಒಂದು ಮಾತು ಹೇಳಿದರು, ಪಾಂಡವಪುರಕ್ಕೆ ಎಲ್ಲಕ್ಕಿಂತ ಕೊನೆಗೆ ಹೋಗೋಣ.

ಗಂಜಾಂನ ಮಂಟಪದಲ್ಲಿ ಗುಡಿಗೆ ಬಂದವರು ಬಿಟ್ಟರೆ ಊರಿನವರು ಬೆರಳೆಣಿಕೆಯಷ್ಟು. ಜೊತೆಗೆ ಓಡಾಡುತ್ತಿದ್ದ ಪಕ್ಷದವರು ಒಬ್ಬರೂ ಇಲ್ಲ. ಶೀಳನೆರೆಯಲ್ಲಿ ಅಪ್ಪ ತಮ್ಮ ಓರಗೆಯವರನ್ನೆಲ್ಲ ಎಬ್ಬಿಸಿಕೊಂಡು ಬಂದು ಕೂರಿಸಿದ್ದರು. ದನಿನಾಸ್ಪತ್ರೆಯ ಡಾಕ್ಟರೂ ಬಂದು ನಿಂತಿದ್ದರು. ಬೆಳ್ಳೂರು ಕ್ರಾಸಿನಲ್ಲಿ ಮಳೆ ಹಿಡಿದು, ಹೋಟೆಲಿನ ಒಳಗೇ ಕೂತು ಹೇಳಬೇಕಾಯಿತು. ಇಡ್ಲಿ ತಿನ್ನುತ್ತಿದ್ದವರು ಕೈ ತೊಳೆದುಕೊಳ್ಳದೆ ಕೇಳಿದರು. ಹೋಟೆಲಿನವನು ಮಾತು ಮುಗಿಯುವವರೆಗೂ ರೇಡಿಯೊ ಹಾಕಲಿಲ್ಲ.

ಕೊನೆಯ ಭಾನುವಾರ ಪಾಂಡವಪುರದ ಕಡೆ ಹೊರಟೆವು. ಹೊಂಗೆಮರ ಕಾಣುವಷ್ಟರಲ್ಲಿ ಡ್ರೈವರ್ ಕಾರು ನಿಧಾನ ಮಾಡಿದ. ಡೈರಿಯ ಮುಂದೆ ಜನ ತುಂಬಿದ್ದರು. ನಾಲೆ ಬದಿಯ ಬೇರೆ ಬೇರೆ ಹಳ್ಳಿಗಳ ಡೈರಿಯ ಹೆಂಗಸರೂ ಬಂದಿದ್ದರು. ನೆಲಕ್ಕೆ ಜಮಖಾನ ಹಾಸಿದ್ದರು, ಮೇಷ್ಟ್ರಿಗೆ ಕುರ್ಚಿ ಹಾಕಿದ್ದರು. ಅವರು ಕೂರಲಿಲ್ಲ.

‘ಮಸೂದೆ ಬಿದ್ದುಹೋಯ್ತು. ನಾನು ಸದನದಿಂದ ಹೊರಗೆ ಬಂದೆ, ಅದೂ ಹೊರಗೆ ಬಂತು. ನನ್ನ ಕೈಲಿ ಆಗ್ಲಿಲ್ಲ’ ಅಂದರು.

ಮರದ ಮೇಲೆ ಕಾಗೆಯೊಂದು ಕೂಗುತ್ತಿತ್ತು. ಆಮೇಲೆ ಡೈರಿ ಅಕ್ಕ ಎದ್ದರು. ಆ ಮಸೂದೆಯನ್ನು ಸದನದಲ್ಲಿ ಒಮ್ಮೆಯಾದರೂ ಪೂರ್ತಿ ಓದಿದರೇ ಅಂತ ಕೇಳಿದರು. ಇಲ್ಲ, ಚರ್ಚೆಗೆ ಬಂದಿದ್ದರೆ ಓದುತ್ತಿದ್ದರು ಅಂದರು ಮೇಷ್ಟ್ರು. ಡೈರಿ ಅಕ್ಕ ನನ್ನ ಕಡೆ ತಿರುಗಿದರು.

‘ಅಂಗಾರೆ ಇಲ್ಲೇ ಓದವ್ವ. ಅಲ್ಲಿ ಯಾರೂ ಕೇಳ್ನಿಲ್ಲ, ನಾವಾರಾ ಕೇಳ್ತೀವಿ. ಸರಿ ಇಲ್ದಿದ್ರೆ ಸರಿ ಇಲ್ಲ ಅಂತೀವಿ.’

ಕರಡಿನ ಪ್ರತಿ ನನ್ನ ಚೀಲದಲ್ಲಿತ್ತು. ಮೇಷ್ಟ್ರ ಮುಖ ನೋಡಿದೆ. ಅವರು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಅದರಲ್ಲಿ ನೆಟ್ಟಗೆ ಕೂತರು. ನಾನು ಮೊದಲನೆಯ ಕಲಂ ಓದಿ ಕನ್ನಡದಲ್ಲಿ ಹೇಳಿದೆ. ಮೇಷ್ಟ್ರು, ಒಪ್ಪಿಗೆಯೇ ಅಂತ ಕೇಳಿದರು. ಐತೆ ಅಂದರು ಜನ. ಎರಡನೆಯದು ಓದಿದೆ. ಐತೆ ಅಂದರು. ಮೂರನೆಯದಕ್ಕೆ ಬಂದಾಗ ಹಿಂದೆ ಕೂತಿದ್ದ ಒಬ್ಬ ಮುದುಕ ಕೈಯೆತ್ತಿದ. ಗೋಡೆ ಡಾಂಬರಿನ ಅಂಚಿಗೇ ಇರಬೇಕೆಂದು ನಾವು ಬರೆದಿದ್ದೆವು.

‘ಕಬ್ಬಿನ್ ಟ್ರಾಕ್ಟ್ರು ಬಂದ್ರೆ ಬಸ್ಸು ಎತ್ಲಾಗೋಗದು ಸಾ? ಗ್ವಾಡೆನ ನಾಲೆ ಮಗ್ಲಿಗೆ ತಳ್ಬುಡಿ, ಮಣ್ ಜಾಗ ಇತ್ಲಾಗಿರ್ಲಿ.’

ಮೇಷ್ಟ್ರು ಆ ಮುದುಕನ ಮಾತನ್ನು ಗಂಭೀರವಾಗಿ ಕೇಳಿಸಿಕೊಂಡು, ಒಂದು ತಿದ್ದುಪಡಿ ಬಂದಿದೆ, ಸದನ ಏನನ್ನುತ್ತದೆ ಅಂದರು. ಅದನ್ನು ಅವರು ತಮಾಷೆಗೆ ಹೇಳಲಿಲ್ಲ, ಯಾರೂ ತಮಾಷೆಯಾಗಿ ತೆಗೆದುಕೊಳ್ಳಲೂ ಇಲ್ಲ. ಟ್ರಾಕ್ಟರು ಓಡಿಸುವ ಒಬ್ಬ ಎದ್ದು, ನಾಲೆ ಮಗ್ಗುಲಿನ ಮಣ್ಣು ಗಟ್ಟಿ ಇರುವುದಿಲ್ಲ, ಗೋಡೆ ಕುಸಿಯುತ್ತದೆ ಅಂದ. ಹಾಗಾದರೆ ಅಡಿಪಾಯ ಆಳಕ್ಕೆ ಹೋಗಬೇಕು ಅಂತ ಇನ್ನೊಬ್ಬ. ಹೆಂಗಸೊಬ್ಬಳು, ಆಳವೋ ಅಗಲವೋ, ಮೊದಲು ಕಟ್ಟಲಿ ಅಂದಳು. ಸ್ವಲ್ಪ ಹೊತ್ತು ಎಲ್ಲರೂ ಒಟ್ಟಿಗೆ ಮಾತಾಡಿದರು. ಮೇಷ್ಟ್ರು ಮೇಜು ಇಲ್ಲದ್ದಕ್ಕೆ ಕುರ್ಚಿಯ ಕೈ ತಟ್ಟಿ ಸುಮ್ಮನಿರಿಸಿದರು. ಕೈ ಎತ್ತಿಸಿದರು. ಮುದುಕನ ತಿದ್ದುಪಡಿ, ಆಳದ ಅಡಿಪಾಯದ ಮಾತು ಸೇರಿ ಗೆದ್ದಿತು. ನಾನು ಕರಡಿನ ಅಂಚಿನಲ್ಲಿ ಅದನ್ನು ಬರೆದುಕೊಂಡೆ.

ಮೆಟ್ಟಿಲಿನ ಕಲಂ ಓದುವಾಗ ನಾನು ಜಾನುವಾರು ಅಂದೆ. ಎಮ್ಮೆ ಅಂತ ಓದು ಅಂದರು ಮೇಷ್ಟ್ರು. ಎಮ್ಮೆ ಅಂತ ಓದಿದೆ. ಕೊನೆಯ ಕಲಂ ಮುಗಿದಾಗ ಬಿಸಿಲು ಇಳಿದಿತ್ತು. ಮಸೂದೆಯ ಪರವಾಗಿರುವವರು ಅನ್ನುವಷ್ಟರಲ್ಲೇ ಎಲ್ಲರ ಕೈಗಳೂ ಮೇಲೆ ಇದ್ದವು. ಡೈರಿ ಅಕ್ಕನೂ ಕೈ ಎತ್ತಿದ್ದರು, ಇನ್ನೊಂದು ಕೈಯಲ್ಲಿ ಸೆರಗಿನಿಂದ ಮುಖ ಒತ್ತಿಕೊಳ್ಳುತ್ತಿದ್ದರು. ತಂಗಿಯ ವಿಷಯಕ್ಕೆ ಆಕೆ ಅತ್ತದ್ದನ್ನು ನಾನು ನೋಡಿದ್ದು ಅವತ್ತು ಮಾತ್ರ.

ಮೇಷ್ಟ್ರು ಎದ್ದು ನಿಂತು, ಮಸೂದೆ ಅಂಗೀಕಾರವಾಗಿದೆ ಅಂದರು. ಆಮೇಲೆ ಡೈರಿಯವರು ಎಲ್ಲರಿಗೂ ಮಜ್ಜಿಗೆ, ಕಡಲೆಪುರಿ ಕೊಟ್ಟರು. ಆ ಅಂಗೀಕಾರಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಹೊರಡುವಾಗ ಜನರ ನಡಿಗೆಯಲ್ಲಿ ಏನೋ ಒಂದು ಗತ್ತಿತ್ತು. ಕಾರಿನಲ್ಲಿ ಮೇಷ್ಟ್ರು ಹೇಳಿದ್ದು ಒಂದೇ ಮಾತು. ಆರು ವರ್ಷದಲ್ಲಿ ಇಷ್ಟು ಚೆನ್ನಾಗಿ ನಡೆದ ಕಲಾಪವನ್ನು ನಾನು ನೋಡಿರಲಿಲ್ಲ ಕಣಮ್ಮ ಅಂದರು.

ಡೈರಿ ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಅಂಚಿನ ತಿದ್ದುಪಡಿಗಳನ್ನೂ ಸೇರಿಸಿ ಆ ಕರಡನ್ನು ನನ್ನಿಂದ ಅಚ್ಚುಕಟ್ಟಾಗಿ ಬರೆಸಿಕೊಂಡು, ನಾಲೆ ಬದಿಯ ಡೈರಿಗಳ ಹೆಂಗಸರನ್ನು ಕಟ್ಟಿಕೊಂಡು ಪಂಚಾಯಿತಿಯಿಂದ ಪಂಚಾಯಿತಿಗೆ ತಿರುಗಿದರು. ಒಂದೊಂದು ಗ್ರಾಮಸಭೆಯಲ್ಲೂ ಅದರ ಮೇಲೆ ನಿರ್ಣಯ ಮಾಡಿಸಿದರು. ಅಧಿಕಾರಿಗಳು ಬದಲಾದರು, ಸರ್ಕಾರ ಬದಲಾಯಿತು, ಆಕೆ ಹೋಗುವುದು ನಿಲ್ಲಲಿಲ್ಲ. ಕೆಲವು ವರ್ಷಗಳ ನಂತರ ಬೇರೆ ಯಾವುದೋ ಯೋಜನೆಯಲ್ಲಿ ಆ ರಸ್ತೆಯ ಕೆಲವು ತಿರುವುಗಳಿಗೆ ತಡೆಗೋಡೆ ಬಂತು. ಉದ್ಘಾಟನೆಗೆ ಮೇಷ್ಟ್ರನ್ನು ಯಾರೂ ಕರೆಯಲಿಲ್ಲ. ಎಲ್ಲ ಕಡೆಯೂ ಬಂದಿಲ್ಲ, ಇನ್ನೂ ಬಹಳ ದೂರ ಬಾಕಿಯಿದೆ. ಮೇಷ್ಟ್ರು ಚಪ್ಪಲಿ ಬಿಟ್ಟು ನಿಂತಿದ್ದ ಆ ತಿರುವಿಗೆ ಬಂದಿದೆ.

ಅಪ್ಪ ಈಗಿಲ್ಲ. ಮೇಷ್ಟ್ರು ಹೋಗಿ ಎರಡು ವರ್ಷವಾಗುತ್ತಾ ಬಂತು. ಅವರ ಮನೆಯ ಮುಂದೆ ಅವತ್ತು ನಾಲ್ಕು ತಾಲ್ಲೂಕಿನ ಜನ ಸೇರಿದ್ದರು. ಡೈರಿ ಅಕ್ಕ ಮಾತ್ರ ಹೊರಗೆ ನಿಲ್ಲದೆ ನೇರ ಒಳಗೆ ಹೋಗಿ, ಮೇಷ್ಟ್ರ ಹೆಂಡತಿಯ ಪಕ್ಕದಲ್ಲಿ ಕೂತು, ಸಂಜೆಯವರೆಗೂ ಅವರ ಕೈ ಬಿಡಲಿಲ್ಲ.

ಈಗಿನ ಶಾಸಕರು ಸುದ್ದಿ ಮುಟ್ಟಿಸುವುದಿಲ್ಲ ಅಂತ ನಾನು ಹೇಳಲಾರೆ. ಅಧಿವೇಶನ ನಡೆಯುತ್ತಿರುವಾಗಲೇ ಫೋನಿಗೆ ವಿಡಿಯೊ ಬರುತ್ತದೆ. ಏನು ಕೇಳಿದರು, ಯಾವ ಮಸೂದೆ ಏನಾಯಿತು, ಯಾವ ರಸ್ತೆಗೆ ಗುದ್ದಲಿ ಪೂಜೆ, ಎಲ್ಲವೂ ಹಾಡಿನ ಸಮೇತ ಇರುತ್ತದೆ. ನೋಡುತ್ತೇನೆ. ಉಪಯೋಗವೂ ಆಗುತ್ತದೆ, ಕಕ್ಷಿದಾರರಿಗೆ ತೋರಿಸಿದ್ದೂ ಉಂಟು. ಆದರೆ ನೋಡಿ ಮುಗಿದ ಮೇಲೆ ಫೋನನ್ನು ಪಕ್ಕಕ್ಕಿಡುವಾಗ, ಮಧ್ಯದಲ್ಲಿ ಯಾರೂ ಎದ್ದು ನಿಲ್ಲಲಿಲ್ಲವಲ್ಲ ಅನ್ನಿಸುತ್ತದೆ. ಯಾರ ಕೈಯಲ್ಲೂ ಟೀ ಲೋಟ ಇರಲಿಲ್ಲ, ಯಾರೂ ಬಸ್ಸಿಗೆ ಓಡಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಯಾವುದೋ ಕಕ್ಷಿದಾರರ ಜಮೀನು ನೋಡಲು ಆ ಕಡೆ ಹೋಗಿದ್ದೆ. ಡೈರಿಗೆ ಹೊಸ ಕಟ್ಟಡ ಬಂದಿದೆ. ಡೈರಿ ಅಕ್ಕ ಈಗ ಕಾರ್ಯದರ್ಶಿಯಲ್ಲ, ಸೊಸೆಯ ಕೈಗೆ ಕೊಟ್ಟಿದ್ದಾರೆ. ನನ್ನನ್ನು ಕಂಡವರೇ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿ, ಈ ಸಲದ ಅಧಿವೇಶನದಲ್ಲಿ ಏನೇನಾಯಿತು ಅಂತ ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳತೊಡಗಿದೆ. ಹಾಲು ಹಾಕಿ ಹೋಗುತ್ತಿದ್ದ ಇಬ್ಬರು ಹೆಂಗಸರು ಖಾಲಿ ಕ್ಯಾನು ಕೆಳಗಿಟ್ಟು ನಿಂತರು.